ಬೆತ್ಲೆಹೇಮಿನಲ್ಲಿ ಎರಡು ರಾತ್ರಿ ಉಳಿಯಿರಿ

ಬೆಂಗಳೂರು, ಮಂಗಳೂರಿನಿಂದ ಹೊರಡುವ, ಕ್ರೈಸ್ತರ ಹೋಲಿ ಲ್ಯಾಂಡ್ ಯಾತ್ರೆಯ ಪ್ಯಾಕೇಜುಗಳ ಪಟ್ಟಿ ತೆಗೆದು ನೋಡಿ. ಜೋರ್ಡಾನ್, ಇಸ್ರೇಲ್, ಈಜಿಪ್ಟ್ ಮೂರನ್ನೂ ಹತ್ತು ಹನ್ನೆರಡು ದಿನಕ್ಕೆ ತುರುಕಿರುತ್ತಾರೆ. ಬೆತ್ಲೆಹೇಮಿಗೆ ಸಿಗುವುದು ಹೆಚ್ಚೆಂದರೆ ಅರ್ಧ ದಿನ, ಅದರಲ್ಲೂ ಒಂದು ಪಾಲು ಅಂಗಡಿಗೆ. ಅಲ್ಲೇ ಹೋಟೆಲ್ ಕೊಟ್ಟರೂ ಕತ್ತಲಾದ ಮೇಲೆ ಇಳಿಸಿ, ಬೆಳಿಗ್ಗೆ ತಿಂಡಿ ಮುಗಿಯುತ್ತಲೇ ಬಸ್ಸು ಹತ್ತಿಸುತ್ತಾರೆ. ಈಜಿಪ್ಟನ್ನು ಕೈಬಿಟ್ಟರೂ ನಷ್ಟವಿಲ್ಲ, ಇಲ್ಲಿ ಎರಡು ರಾತ್ರಿ ಇರಿ.

ಯೇಸು ಜನಿಸಿದರೆಂದು ನಂಬುವ ಗುಹೆಯ ಮೇಲಿನ ದೇವಾಲಯದ ಬಾಗಿಲು ಸುಮಾರು 1.2 ಮೀಟರ್ ಎತ್ತರ. ಯಾರೇ ಆಗಲಿ ಬಗ್ಗಿಯೇ ಒಳಗೆ ಹೋಗಬೇಕು. ಟೂರ್ ಬಸ್ಸುಗಳು ಬಂದವೆಂದರೆ ಗುಹೆಯ ಮೆಟ್ಟಿಲ ತನಕ ಸಾಲು. ನೆಲದ ಮೇಲಿನ 14 ಮೂಲೆಯ ಬೆಳ್ಳಿ ನಕ್ಷತ್ರವನ್ನು ಮುಟ್ಟಿ ಎದ್ದೇಳುವಷ್ಟರಲ್ಲಿ ಹಿಂದಿನವರು ತಳ್ಳುತ್ತಾರೆ. ಊರಲ್ಲೇ ತಂಗಿದವರು ಬಾಗಿಲು ತೆರೆದ ಕೂಡಲೇ ಹೋಗಿ ನೆಮ್ಮದಿಯಾಗಿ ಮಂಡಿಯೂರಬಹುದು. ಭಾನುವಾರ ಬೆಳಿಗ್ಗೆ ಮಾತ್ರ ಬೇಡ, ಪೂಜೆಯ ಹೊತ್ತಿನಲ್ಲಿ ಗುಹೆಗೆ ಬಿಡುವುದಿಲ್ಲ.

ತಂಗಲು ಫ್ರಾನ್ಸಿಸ್ಕನ್ ಸನ್ಯಾಸಿಗಳ ಅತಿಥಿಗೃಹ ಕಾಸಾ ನೋವಾ, ದೇವಾಲಯದ ಪಕ್ಕದಲ್ಲೇ ಇದೆ. ಊರಿನ ಕ್ರೈಸ್ತರ ಮನೆಗಳಲ್ಲೂ, ಹತ್ತಿರದ ಬೇತ್ ಸಾಹೂರಿನಲ್ಲೂ ಕೋಣೆ ಸಿಗುತ್ತದೆ. ಜೆರುಸಲೇಮಿನ ದಮಸ್ಕಸ್ ಬಾಗಿಲ ಬಳಿಯಿಂದ 231ನೇ ನಂಬರಿನ ಅರಬ್ ಬಸ್ಸು ಹಿಡಿಯಿರಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಇಸ್ರೇಲಿ ಬಸ್ಸುಗಳು ನಿಂತರೂ ಇವು ಓಡುತ್ತವೆ. ಬೆತ್ಲೆಹೇಮ್ ಇರುವುದು ಪ್ಯಾಲೆಸ್ತೀನಿನ ವೆಸ್ಟ್ ಬ್ಯಾಂಕಿನಲ್ಲಿ. ಹೋಗುವಾಗ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ವಾಪಸ್ ಬರುವಾಗ ಇಸ್ರೇಲಿ ಚೆಕ್‌ಪೋಸ್ಟಿನಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಜೊತೆಗೆ ವಿಮಾನ ನಿಲ್ದಾಣದಲ್ಲಿ ಕೊಡುವ ಪ್ರವೇಶದ ಪುಟ್ಟ ಚೀಟಿಯೂ ಇರಲಿ. ಅದನ್ನು ಹೋಟೆಲಿನಲ್ಲಿ ಬಿಟ್ಟು ಬಂದು ಪೇಚಾಡುವವರೂ ಇದ್ದಾರೆ. ಟಿಕೆಟ್ ಮಾಡಿಸುವ ಮುನ್ನ ಭಾರತ ಸರ್ಕಾರದ ಸಲಹೆಯನ್ನು ಓದಿಕೊಳ್ಳಿ, ಅಲ್ಲಿನ ಪರಿಸ್ಥಿತಿ ವಾರಕ್ಕೊಮ್ಮೆ ಬದಲಾಗುತ್ತದೆ. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ನಂತರ ಯಾತ್ರಿಕರಿಲ್ಲದೆ ಊರಿನ ಆಲಿವ್ ಮರದ ಕೆತ್ತನೆಯವರು ಎಷ್ಟೋ ಜನ ಕೆಲಸ ಕಳೆದುಕೊಂಡಿದ್ದಾರೆ.

ಇನ್ನು ನೀವು ತಂಗುವ ಮನೆಯವರ ವಿಷಯ. ಇವರು ಅರಬ್ ಕ್ರೈಸ್ತರು. ಪ್ರಾರ್ಥನೆಯಲ್ಲಿ ದೇವರನ್ನು ‘ಅಲ್ಲಾ’ ಎನ್ನುತ್ತಾರೆ, ಗುರುಗಳನ್ನು ‘ಅಬೂನಾ’ ಎನ್ನುತ್ತಾರೆ. ನಮ್ಮವರು ಕೆಲವರು ಇದಕ್ಕೇ ಬೆಚ್ಚಿಬೀಳುತ್ತಾರೆ. ಅರಬ್ಬಿಯಲ್ಲಿ ದೇವರಿಗೆ ಇರುವ ಪದವೇ ಅದು.

ಊಟಕ್ಕೆ ಕರೆದರೆ ಮಕ್ಲೂಬೆ ಮಾಡಿರಬಹುದು. ಹುರಿದ ಬದನೆ ಅಥವಾ ಹೂಕೋಸು, ಕೋಳಿ, ಅಕ್ಕಿ ಪದರ ಪದರವಾಗಿ ಬೆಂದ ಪಾತ್ರೆಯನ್ನು ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕುತ್ತಾರೆ. ತಳ ತಟ್ಟಿ ಒಂದೆರಡು ನಿಮಿಷ ಸುಮ್ಮನೆ ಬಿಡುತ್ತಾರೆ, ಆತುರಕ್ಕೆ ಎತ್ತಿದರೆ ಎಲ್ಲ ಕುಸಿದು ಚಿತ್ರಾನ್ನವಾಗುತ್ತದೆ. ನೀವು ತಟ್ಟೆ ಖಾಲಿ ಮಾಡಿದಷ್ಟೂ ಬಡಿಸುತ್ತಾರೆ. ಸಾಕೆನಿಸಿದಾಗ ಸ್ವಲ್ಪ ಉಳಿಸಿ. ಅಡುಗೆ ಮಾಡಿದ ತಾಯಿಗೆ ‘ತಿಸ್ಲಮ್ ಇದೇಕಿ’ ಎನ್ನಿ, ನಿಮ್ಮ ಕೈ ಕ್ಷೇಮವಾಗಿರಲಿ ಎಂಬಂಥ ಮಾತು. ಬಾಡಿಗೆ ಮಾತಾಡಿದ್ದರೆ ಹೊರಡುವ ದಿನ ಲೆಕ್ಕದಂತೆ ಕೊಡಿ. ಅತಿಥಿಯಾಗಿ ಕರೆದಿದ್ದ ಊಟಕ್ಕೆ ನೋಟು ಚಾಚಬೇಡಿ, ಅವಮಾನವಾಗುತ್ತದೆ.

ಬದಲಿಗೆ ಊರಿನಿಂದ ಏಲಕ್ಕಿ ಒಯ್ಯಿರಿ. ಅವರ ಕಾಫಿಗೆ ಅದು ಬೇಕೇ ಬೇಕು. ಸಕಲೇಶಪುರದ ನೂರು ಗ್ರಾಂ ಸಾಕು, ಆದರೆ ಅಂಗಡಿಯ ಸೀಲು ಒಡೆಯದ ಪೊಟ್ಟಣವೇ ಇರಲಿ. ಟೆಲ್ ಅವಿವ್ ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸಿದಾಗ, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಏನಿದೆ ಎಂದು ವಿವರಿಸುತ್ತಾ ನಿಲ್ಲುವುದು ತಪ್ಪುತ್ತದೆ.