ಭೇದಿಗೆ ನುಂಗುವ ಮಾತ್ರೆ, ಪಾದಕ್ಕೆ ಬರುವ ಉರಿ

ಭೇದಿ ಶುರುವಾಯ್ತು ಅಂದ್ರೆ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ತಂದು ನುಂಗೋದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್, ಕೆಮ್ಮಿಗೆ ಲಿವೊಫ್ಲಾಕ್ಸಾಸಿನ್. ಹೆಸರು ‘ಫ್ಲಾಕ್ಸಾಸಿನ್’ ಅಂತ ಮುಗಿಯುವ ಇವೆಲ್ಲ ಒಂದೇ ಗುಂಪಿನವು. ಈ ಗುಂಪು ಕೈಕಾಲಿನ ನರಗಳಿಗೆ ಹಾನಿ ಮಾಡಬಹುದು, ಅದು ಶಾಶ್ವತವಾಗಿಯೂ ಉಳಿಯಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿತು. ಸೈನಸ್, ಬ್ರಾಂಕೈಟಿಸ್, ಸಾಮಾನ್ಯ ಉರಿಮೂತ್ರಕ್ಕೆ ಬೇರೆ ಔಷಧಿ ಇದ್ದರೆ ಇವು ಬೇಡ ಅಂತ 2016ರಲ್ಲಿ ಹೇಳಿತು.

ಈ ನರಹಾನಿ ಅಪರೂಪ, ನಿಜ. ಆದರೆ ತಾನಾಗೇ ನಿಲ್ಲುವ ಭೇದಿಗೆ ಆ ಅಪಾಯವಾದರೂ ಯಾಕೆ? ಜ್ವರ, ಮಲದಲ್ಲಿ ರಕ್ತ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ದರೆ ಸಾಮಾನ್ಯವಾಗಿ ಓಆರ್‌ಎಸ್ ಸಾಕು.

ನರದ ತೊಂದರೆ ಹೆಚ್ಚಾಗಿ ಬೆರಳತುದಿ, ಅಂಗಾಲಿನಿಂದ ಶುರು: ಜೋಮು, ಸೂಜಿ ಚುಚ್ಚಿದಂತೆ, ಉರಿ. ಹೊದಿಕೆ ತಗುಲಿದರೂ ನೋವು. ಮಾತ್ರೆ ಶುರು ಮಾಡಿದ ಕೆಲವೇ ದಿನಗಳಲ್ಲೂ ಬರಬಹುದು. ಸಕ್ಕರೆ ಕಾಯಿಲೆಯವರು ಎಡವೋದು ಇಲ್ಲೇ, ‘ಶುಗರ್‌ದೇ ಇರ್ಬೇಕು’ ಅಂತ ಸುಮ್ಮನಾಗ್ತಾರೆ. ಶುಗರಿನ ನರದ ತೊಂದರೆ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬರುತ್ತೆ. ವಾರದೊಳಗೆ ದಿಢೀರನೆ ಬಂದ ಉರಿಯನ್ನು ಮಾತ್ರೆಯ ಜೊತೆ ತಾಳೆ ನೋಡಲೇಬೇಕು. ‘ಕೋರ್ಸ್ ಮುಗಿಸಿಬಿಡೋಣ’ ಅನ್ನದೆ ಮುಂದಿನ ಮಾತ್ರೆಗೆ ಮೊದಲೇ ಡಾಕ್ಟರಿಗೆ ಫೋನ್ ಮಾಡಿ, ಔಷಧಿ ಬದಲಾಯಿಸಬಹುದು.

ಭೇದಿಗೆ ನುಂಗುವ ಇನ್ನೊಂದು ಮಾತ್ರೆ ಮೆಟ್ರೊನಿಡಜೋಲಿನ ಲೆಕ್ಕವೇ ಬೇರೆ. ಅಲ್ಲಿ ದೇಹಕ್ಕೆ ಸೇರಿದ ಒಟ್ಟು ಪ್ರಮಾಣ ಮುಖ್ಯ. 42 ಗ್ರಾಂ ದಾಟಿದವರಲ್ಲಿ ನರದ ತೊಂದರೆ ಹೆಚ್ಚು. 400 ಮಿಲಿಗ್ರಾಂ ದಿನಕ್ಕೆ ಮೂರು ಅಂದರೆ 35 ದಿನಕ್ಕೆ ಅಷ್ಟಾಗುತ್ತೆ. ಐದು ದಿನದ ಕೋರ್ಸಿಗೆ ಗಾಬರಿ ಬೇಡ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವವರು ಮಾತ್ರ ಎಷ್ಟಾಯ್ತು ಅಂತ ಕೂಡಿ ನೋಡಿ.

ಟಿಬಿ ಔಷಧಿ ತಗೊಳ್ಳೋರು ಮಾತ್ರ ತಾವಾಗೇ ಖಂಡಿತ ನಿಲ್ಲಿಸಬೇಡಿ. ಅದರಲ್ಲಿರುವ ಐಸೋನಿಯಜಿಡ್ ದೇಹದ ಬಿ6 ವಿಟಮಿನ್ ಕಡಿಮೆ ಮಾಡುವುದರಿಂದಲೇ ಉರಿ ಬರೋದು. ಅದಕ್ಕೇ ಪಿರಿಡಾಕ್ಸಿನ್ (ಬಿ6) ಮಾತ್ರೆ ಜೊತೆಗೆ ಕೊಡೋದು. ಅದನ್ನು ‘ಬರೀ ವಿಟಮಿನ್’ ಅಂತ ಬಿಡಬೇಡಿ. ಟಿಬಿ ಔಷಧಿಗಳಲ್ಲಿ ಲಿನೆಜೋಲಿಡ್ ಇದ್ದರೆ ಕಣ್ಣು ಮಂಜಾದ ದಿನವೇ ಟಿಬಿ ಕೇಂದ್ರಕ್ಕೆ ತಿಳಿಸಿ.

ತೊಂದರೆಯಾದರೆ ಖಾಲಿ ಸ್ಟ್ರಿಪ್ ಎಸೆಯಬೇಡಿ, ವರದಿಗೆ ಬೇಕಾಗುವ ಬ್ಯಾಚ್ ನಂಬರ್ ಅದರಲ್ಲೇ ಇರುತ್ತೆ. ಅಡ್ಡಪರಿಣಾಮ ವರದಿ ಮಾಡುವ ಸರ್ಕಾರಿ ಸಹಾಯವಾಣಿ 1800-180-3024. ರೋಗಿಗಳೂ ಕರೆ ಮಾಡಬಹುದು.