ಕಸಕ್ಕೆ ಬಂದ ಬರ

ಸಕ್ಕರೆ ಕಾರ್ಖಾನೆಯ ಕಾಕಂಬಿ ನೋಡಿದ್ದೀರಾ? ಕಪ್ಪಗೆ, ಅಂಟಂಟಾಗಿ, ಥೇಟ್ ಗಾಡಿಯ ಕೀಲೆಣ್ಣೆ. ಕಬ್ಬಿನ ಹಾಲಿನಿಂದ ಸಕ್ಕರೆಯನ್ನೆಲ್ಲ ತೆಗೆದುಕೊಂಡ ಮೇಲೆ ಉಳಿಯುವ ಕಸ ಅದು. ಅದಕ್ಕೆ ನೀರು ಬೆರೆಸಿ ಯೀಸ್ಟ್ ಬಿಟ್ಟರೆ ರಾತ್ರಿ ಇಟ್ಟ ದೋಸೆ ಹಿಟ್ಟಿನ ಹಾಗೆ ಉಬ್ಬಿ ನೊರೆ ಕಕ್ಕುತ್ತದೆ. ಬಟ್ಟಿ ಇಳಿಸಿದರೆ ಎಥನಾಲ್, ಅಂದರೆ ಮದ್ಯಸಾರ. ಒಂದು ಟನ್ ಕಾಕಂಬಿಗೆ 220 ಲೀಟರ್ ಆಸುಪಾಸು. ಕಸದಿಂದ ರಸ! ಭಾಷಣಕ್ಕೆ ಇನ್ನೇನು ಬೇಕು?

ತೊಂದರೆ ಶುರುವಾದದ್ದು ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಲು ಹೊರಟಾಗ. ಅಷ್ಟು ಕಸ ಎಲ್ಲಿದೆ? ಬೀದಿ ಮೂಲೆ ಮೂಲೆಯಲ್ಲೂ ಗುಡ್ಡೆ ಬಿದ್ದಿರುವ ದೇಶದಲ್ಲಿ ಕಸಕ್ಕೇ ಬರ ಬಂತು. ಆದರೆ ನಾವು ಸುಮ್ನೆ ಕೂರುವವರಲ್ಲ. ಕಸ ಸಾಲದಿದ್ದರೆ ಒಳ್ಳೆಯದನ್ನೇ ಕಸ ಅಂದರಾಯಿತು.

ಮೊದಲು ಸಕ್ಕರೆಯನ್ನು ಪೂರ್ತಿ ತೆಗೆಯದೆ ಕಾಕಂಬಿಯಲ್ಲೇ ಸ್ವಲ್ಪ ಬಿಟ್ಟರು. ಅದಕ್ಕೆ 'ಬಿ ಹೆವಿ' ಅಂತ ಹೆಸರು. ಆಮೇಲೆ ಸಕ್ಕರೆ ಮಾಡುವ ಗೋಜೇ ಬೇಡ ಅಂತ ಕಬ್ಬಿನ ಹಾಲನ್ನೇ ಹುದುಗಿಗೆ ಸುರಿದರು. ಆಮೇಲೆ ಮೆಕ್ಕೆಜೋಳ. ಎಥನಾಲ್ ಕೊಳ್ಳುವ 2025ರ ದರಪಟ್ಟಿ ನೋಡಿ. ಅಪ್ಪಟ ಕಸವಾದ ಕಾಕಂಬಿಯ ಎಥನಾಲ್ ಲೀಟರಿಗೆ 57.97 ರೂಪಾಯಿ. ಬಿ ಹೆವಿಯದಕ್ಕೆ 60.73. ಕಬ್ಬಿನ ಹಾಲಿನದಕ್ಕೆ 65.61. ಮೆಕ್ಕೆಜೋಳದ್ದಕ್ಕೆ 71.86. ಕಸವನ್ನೇ ನಂಬಿಕೊಂಡ ಪೆದ್ದನಿಗೆ ಎಲ್ಲರಿಗಿಂತ ಕಡಿಮೆ.

ಇನ್ನು ಅಕ್ಕಿ. ಅದು ಕಸವಾದ ಕಥೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. ಮುಗ್ಗಿದ ಕಾಳು, ನುಚ್ಚು, ಕೊಳೆತ ಆಲೂಗಡ್ಡೆಯಿಂದ ಎಥನಾಲ್ ಮಾಡಬಹುದು ಎಂದಿತು 2018ರ ಜೈವಿಕ ಇಂಧನ ನೀತಿ. ಸರಿ. ಅದಕ್ಕೊಂದು ಬಾಲವೂ ಇತ್ತು: ಬೆಳೆ ಜಾಸ್ತಿಯಾದ ವರ್ಷ, ಸಮಿತಿ ಒಪ್ಪಿದರೆ, ಒಳ್ಳೆಯ ಧಾನ್ಯವನ್ನೂ ಹಾಕಬಹುದು. ಸಮಿತಿಯ ಅಧ್ಯಕ್ಷರು ಯಾರು? ಪೆಟ್ರೋಲಿಯಂ ಸಚಿವರು. ಮನೆಯಲ್ಲಿ ಅನ್ನ ಮಿಕ್ಕಿದೆಯಾ ಅಂತ ಅಡುಗೆ ಮಾಡಿದವರನ್ನು ಬಿಟ್ಟು ಪೆಟ್ರೋಲ್ ಬಂಕಿನವರನ್ನು ಕೇಳಿದ ಹಾಗೆ, ಅಲ್ವಾ?

2020ರ ಏಪ್ರಿಲ್. ಲಾಕ್‌ಡೌನ್. ಜನ ಹಸಿದುಕೊಂಡು ಹೆದ್ದಾರಿಗಳಲ್ಲಿ ಊರಿನ ಕಡೆ ನಡೆಯುತ್ತಿದ್ದರು. ಆಗ ಸಮಿತಿ ಸೇರಿ ಕೇಂದ್ರದ ಗೋದಾಮಿನ ಹೆಚ್ಚುವರಿ ಅಕ್ಕಿಯಿಂದ ಎಥನಾಲ್ ಮಾಡಬಹುದು ಎಂದಿತು, ಪೆಟ್ರೋಲಿಗೂ ಆಯಿತು, ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದವರು ಬೇರೆ ಇಲ್ಲ.

ನಮ್ಮ ಸರದಿ 2023ರ ಜೂನಿನಲ್ಲಿ ಬಂತು. ಅನ್ನಭಾಗ್ಯಕ್ಕೆ ಕೆಜಿಗೆ 34 ರೂಪಾಯಿ ಕೊಡುತ್ತೇವೆ, ಅಕ್ಕಿ ಕೊಡಿ ಎಂದಿತು ಕರ್ನಾಟಕ. ರಾಜ್ಯಗಳಿಗೆ ಮಾರುವುದಿಲ್ಲ ಎಂದಿತು ಕೇಂದ್ರ. ಆ ಹೊತ್ತಿಗೆ ಎಥನಾಲ್ ಮಾಡುವ ಡಿಸ್ಟಿಲರಿಗಳಿಗೆ ಅದೇ ಗೋದಾಮಿನ ಅಕ್ಕಿ ಕೆಜಿಗೆ 20 ರೂಪಾಯಿ. (ಮುಂದಿನ ತಿಂಗಳು ಅವರಿಗೂ ನಿಂತಿತು, ಅದನ್ನೂ ಹೇಳಿಬಿಡಬೇಕು.) ನಮಗೆ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬಂತು. ನಮ್ಮ ಬೀದಿಯ ಅಜ್ಜಿ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಕೇಳಿದರು: "ಇದಕ್ಕೆ ಎಷ್ಟು ಸಲ ಕುಕ್ಕರ್ ಕೂಗಿಸಬೇಕಪ್ಪಾ?"

ಇಷ್ಟೆಲ್ಲ ಆದ ಮೇಲೂ ನಿಜವಾದ ಕಸ ಒಂದು ಹಾಗೇ ಉಳಿದಿದೆ. ಕಾಕಂಬಿಯಿಂದ ಒಂದು ಲೀಟರ್ ಎಥನಾಲ್ ತೆಗೆದರೆ ಹತ್ತು ಲೀಟರಿನಷ್ಟು ಕಂದು ಬಣ್ಣದ, ಗಬ್ಬು ನಾರುವ ಸ್ಪೆಂಟ್ ವಾಷ್ ಹಿಂದೆ ಬೀಳುತ್ತದೆ. ಅದರಿಂದ ಗ್ಯಾಸ್ ತೆಗೆಯಬಹುದು, ಗೊಬ್ಬರಕ್ಕೆ ಪೊಟ್ಯಾಷ್ ತೆಗೆಯಬಹುದು. ಆದರೆ ಅದು ಹುಟ್ಟಾ ಕಸ ನೋಡಿ, ಭಾಷಣದಲ್ಲಿ ಜಾಗ ಸಿಗುವುದಿಲ್ಲ.

2025ರ ಜನವರಿಯಲ್ಲಿ ಸಮಾನತೆಯೂ ಬಂತು. ರಾಜ್ಯಗಳಿಗೂ ಡಿಸ್ಟಿಲರಿಗಳಿಗೂ ಅಕ್ಕಿ ಒಂದೇ ದರ, ಕೆಜಿಗೆ 22.50. ರೇಷನ್ ಅಂಗಡಿಗೆ ಅಕ್ಕಿ ವಾಪಸ್ ಬಂತು. ಅಜ್ಜಿ ಜಗಲಿಯಲ್ಲಿ ಕೂತು ಮೊರದಲ್ಲಿ ಕೇರುತ್ತಿದ್ದರು. ನಾಲ್ಕು ಕಪ್ಪು ಹುಳ ಅಂಚಿನ ಕಡೆ ಓಡಿದವು. ಒಂದನ್ನು ಉಗುರಿನಲ್ಲಿ ಚಿಮ್ಮಿ ಅಂದರು: "ಇದು ಕಾರಿಗೆ ಹೋಗಬೇಕಾದ್ದು ಕಣಪ್ಪಾ, ಯಾರೋ ತಪ್ಪಿ ನಮಗೆ ಇಳಿಸವ್ರೆ."