ಚಾಕು ಇಡುವ ಮುಂಚಿನ ಹತ್ತು ನಿಮಿಷ

ಹಲ್ಲು ಕೀಳುವಾಗ ಒಸಡಿಗೆ ಚುಚ್ಚಿ ಜೋಮು ಹಿಡಿಸುತ್ತಾರಲ್ಲ, ಆ ಲಿಗ್ನೊಕೇನ್ ವಿಷಯ ಇದು. ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಸ್ವಲ್ಪ ಮುಂಚೆ ಅದನ್ನು ಗಡ್ಡೆಯ ಸುತ್ತ ಚುಚ್ಚಿದರೆ ಹೆಚ್ಚು ಹೆಂಗಸರು ಉಳಿಯುತ್ತಾರೆ ಎಂದು ತೋರಿಸಿದವರು ಮುಂಬೈ ಟಾಟಾ ಮೆಮೋರಿಯಲ್‌ನ ಸರ್ಜನ್ ಡಾ. ರಾಜೇಂದ್ರ ಬಡ್ವೆ ಮತ್ತು ಅವರ ತಂಡ. ಅವರು ಆ ಸಂಸ್ಥೆಯ ನಿರ್ದೇಶಕರಾಗಿದ್ದವರು, 2013ರಲ್ಲಿ ಪದ್ಮಶ್ರೀ ಬಂದವರು. ಅದಕ್ಕಿಂತ ದೊಡ್ಡದು, ಮೂವತ್ತು ವರ್ಷ ಅವರು ಒಂದೇ ಪ್ರಶ್ನೆಯ ಬೆನ್ನು ಬಿಡದಿದ್ದದ್ದು. ಗಡ್ಡೆಗೆ ಕೈ ಹಾಕುವ ಆ ಹೊತ್ತಿನಲ್ಲಿ ಮೈಯ ಸ್ಥಿತಿ ಹೇಗಿದೆ ಎನ್ನುವುದು ರೋಗ ಮರಳುವುದನ್ನು ಬದಲಿಸುತ್ತದೆಯೇ?

ಪ್ರಶ್ನೆ ಶುರುವಾದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ದಾಖಲೆಗಳಿಂದ. 1991ರಲ್ಲಿ ಬಡ್ವೆ ಮತ್ತು ಸಹೋದ್ಯೋಗಿಗಳು 249 ಹೆಂಗಸರ ಲೆಕ್ಕ ತೆಗೆದರು. ಕೊನೆಯ ಮುಟ್ಟಾಗಿ 3ರಿಂದ 12 ದಿನದೊಳಗೆ ಆಪರೇಷನ್ ಆದವರಲ್ಲಿ ಹತ್ತು ವರ್ಷ ಬದುಕಿದವರು ನೂರಕ್ಕೆ 54, ಉಳಿದ ದಿನಗಳಲ್ಲಿ ಆದವರಲ್ಲಿ 84. ಹಳೆಯ ಫೈಲು ನೋಡಿ ಹೇಳಿದ ಮಾತು ಪುರಾವೆಯಾಗುವುದಿಲ್ಲ, ಮುಂದೆ ಬಂದ ಅಧ್ಯಯನಗಳೂ ಒಂದೇ ದಿಕ್ಕಿಗೆ ಹೋಗಲಿಲ್ಲ. ಹಾಗಾಗಿ ಮುಂಬೈಯಲ್ಲಿ ಸುಮಾರು ಸಾವಿರ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್‌ಗೆ 5ರಿಂದ 14 ದಿನ ಮುಂಚೆ ಪ್ರೊಜೆಸ್ಟರಾನ್‌ನ, ಅಂದರೆ ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಮೈಯಲ್ಲಿ ಏರುವ ಹಾರ್ಮೋನಿನ, ಒಂದು ಇಂಜೆಕ್ಷನ್ ಕೊಟ್ಟರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ. ಕಂಕುಳ ಗ್ರಂಥಿಗೆ ರೋಗ ಹರಡಿದ್ದವರಲ್ಲಿ ಮಾತ್ರ ಲಾಭ ಕಂಡಿತು. ಆ ಫಲಿತಾಂಶವನ್ನು ಇದ್ದ ಹಾಗೆಯೇ ಒಪ್ಪಿ ಮುಂದೆ ಹೋದರಲ್ಲ, ಅದಕ್ಕೆ ನನ್ನ ಗೌರವ.

ಆಮೇಲೆ ಬಂದದ್ದು ಲಿಗ್ನೊಕೇನ್. 11 ಆಸ್ಪತ್ರೆ, 1600 ಹೆಂಗಸರು. ಐದು ವರ್ಷದ ಹೊತ್ತಿಗೆ ಇಂಜೆಕ್ಷನ್ ಪಡೆದವರಲ್ಲಿ ಬದುಕಿದ್ದವರು ನೂರಕ್ಕೆ 90.1, ಪಡೆಯದವರಲ್ಲಿ 86.4. 2023ರಲ್ಲಿ ಪ್ರಕಟವಾಯಿತು. ಜೀವಕೋಶದ ಸೋಡಿಯಂ ಚಾನೆಲ್‌ಗಳನ್ನು, ಅಂದರೆ ಸೋಡಿಯಂ ಒಳಗೆ ಹೋಗುವ ಸಣ್ಣ ಬಾಗಿಲುಗಳನ್ನು, ಈ ಔಷಧಿ ಮುಚ್ಚುತ್ತದೆ. ಗಡ್ಡೆ ಅಲುಗಾಡುವಾಗ ಕೋಶಗಳು ಕಳಚಿ ಹರಡುವುದನ್ನು ಅದು ತಡೆಯುತ್ತಿರಬಹುದು ಎನ್ನುವುದು ಊಹೆ.

ವಿಧಾನ ಸರಳ, ಆದರೆ ಕೆಡಿಸುವುದೂ ಸುಲಭ. ಬೇಕಾದದ್ದು 0.5% ದ್ರಾವಣ. ಕೈಗೆ ಸಿಗುವುದು ಸಾಮಾನ್ಯವಾಗಿ 2% ಬಾಟಲಿ, ಅದರ ಒಂದು ಪಾಲಿಗೆ ಮೂರು ಪಾಲು ಸಲೈನ್ ಬೆರೆಸಬೇಕು. ಮಿತಿ ಕಿಲೋ ತೂಕಕ್ಕೆ 4.5 ಮಿಲಿಗ್ರಾಂ. 55 ಕಿಲೋ ಇರುವವರಿಗೆ 247 ಮಿಲಿಗ್ರಾಂ, ಅಂದರೆ 49 ಎಂ.ಎಲ್. ದಾಟಬಾರದು. ಸೂಜಿ ಗಡ್ಡೆಯೊಳಗೆ ಹೋಗಕೂಡದು. ಮೇಲೆ, ಕೆಳಗೆ, ನಾಲ್ಕೂ ಬದಿ, ಹೀಗೆ ಆರೂ ಕಡೆ ಸುತ್ತ ತುಂಬಬೇಕು. ಪ್ರತಿ ಸಲ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಎಂದು ನೋಡಿಯೇ ತಳ್ಳಬೇಕು. ಆಮೇಲೆ 7ರಿಂದ 10 ನಿಮಿಷ ಕಾಯಬೇಕು. ಲಿಸ್ಟಿನಲ್ಲಿ ಇನ್ನೂ ನಾಲ್ಕು ಕೇಸಿರುವ ದಿನ ಎಡವಟ್ಟಾಗುವುದು ಈ ಕಾಯುವಿಕೆಯಲ್ಲೇ. ಇನ್ನೊಂದು ಅಪಾಯ: ನೋವಿಗೆಂದು ಎದೆಯ ನರಗಳಿಗೆ ಬೇರೆ ಜೋಮಿನ ಔಷಧಿ ಕೊಡುವುದಿದ್ದರೆ ಎರಡೂ ಸೇರಿ ಮಿತಿ ಮೀರಬಹುದು. ಪೂರ್ತಿ ಮಂಪರಿನಲ್ಲಿರುವವರಲ್ಲಿ ನಾಲಿಗೆ ಜೋಮು, ಕಿವಿಯಲ್ಲಿ ಗುಂಯ್ ಎನ್ನುವ ಮುನ್ಸೂಚನೆ ಗೊತ್ತಾಗುವುದಿಲ್ಲ, ನೇರ ಹೃದಯದ ಲಯವೇ ತಪ್ಪಬಹುದು. ಅದಕ್ಕೇ ಅರಿವಳಿಕೆ ವೈದ್ಯರಿಗೆ ಮೊದಲೇ ಲೆಕ್ಕ ಹೇಳಿರಬೇಕು.

ಆಕ್ಷೇಪಣೆಗಳೂ ಇವೆ. ಹೋಲಿಕೆಯ ಗುಂಪಿಗೆ ಬರೀ ಸಲೈನ್ ಕೂಡ ಚುಚ್ಚಲಿಲ್ಲ, ಸರ್ಜನ್‌ಗೆ ಯಾರು ಯಾವ ಗುಂಪು ಎಂದು ಗೊತ್ತಿತ್ತು. ಕೀಮೋ ಮೊದಲು, ಆಪರೇಷನ್ ಆಮೇಲೆ ಎನ್ನುವವರು ಈ ಪ್ರಯೋಗದಲ್ಲಿ ಇರಲಿಲ್ಲ, ಅವರಿಗೆ ಇದನ್ನು ಅನ್ವಯಿಸುವುದು ತಪ್ಪು. ಇನ್ನೊಂದು ದೊಡ್ಡ ಪ್ರಯೋಗ ಬೇಕೇ ಬೇಕು. ಆದರೆ ಪೇಟೆಂಟ್ ಮುಗಿದು ಎಷ್ಟೋ ಕಾಲವಾದ ಅಗ್ಗದ ಬಾಟಲಿಗೆ ಯಾವ ಕಂಪನಿ ದುಡ್ಡು ಸುರಿಯುತ್ತದೆ? ಇಂಥ ಪ್ರಶ್ನೆ ಕೇಳಬೇಕಾದದ್ದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಆಸ್ಪತ್ರೆಗಳೇ. ನಮ್ಮ ಪ್ರತಿ ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗ ಇದರಲ್ಲಿ ಕೈಜೋಡಿಸಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಮನೆಯಲ್ಲಿ ಯಾರಿಗಾದರೂ ನೇರ ಆಪರೇಷನ್ ಎಂದು ದಿನ ಗೊತ್ತಾಗಿದ್ದರೆ ಸರ್ಜನ್ ಹತ್ತಿರ ಕೇಳಿ: "ಡಾಕ್ಟ್ರೇ, ಗಡ್ಡೆ ಸುತ್ತ ಲಿಗ್ನೊಕೇನ್ ಕೊಡ್ತೀರಾ? ಇವರಿಗೆ ಆಗಿಬರುತ್ತಾ?" ಹೃದಯದ ತೊಂದರೆಯಾಗಲಿ ಈ ಔಷಧಿಯ ಅಲರ್ಜಿಯಾಗಲಿ ಇದ್ದರೆ ಅದನ್ನೂ ಆಗಲೇ ಹೇಳಿ.